ಕಿವಿ ಹಾಲೆಯಷ್ಟು ಮೆತ್ತಗೆ

ಹಿಟ್ಟಿಗೆ ಒಂದು ಚಿಟಿಕೆ ಉಪ್ಪು ಹಾಕಿದೆ. ನಾನು ಮಾಡಿದ್ದು ಅಷ್ಟೇ. ಚಪಾತಿಗೆ ಹಾಕಲ್ವಾ, ಹಾಗೆ ಕೈ ತಾನಾಗೇ ಉಪ್ಪಿನ ಡಬ್ಬಿಗೆ ಹೋಗಿತ್ತು. ಎದುರಿಗಿದ್ದ ಅಜ್ಜಿ "ಆಆ!" ಎಂದು ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡರು. ಪಕ್ಕದ ಟೇಬಲ್ಲಿನವರೂ ತಿರುಗಿ ನೋಡಿದರು. ಇಲ್ಲಿ ಜಪಾನಿನಲ್ಲಿ ಯಾರೂ ಎದುರಿಗೆ ಬೈಯುವುದಿಲ್ಲ. ಆದರೆ ಆ "ಆಆ" ಕೇಳಿದ ಮೇಲೆ ನಾಲ್ಕು ಬೈಗುಳ ತಿಂದಿದ್ದರೇ ವಾಸಿಯಿತ್ತು ಅನ್ನಿಸಿತು.

ನಮ್ಮ ಮನೆ ಇರುವುದು ಟೋಕಿಯೋದ ನಿಶಿ-ಕಸಾಯ್‌ನಲ್ಲಿ. ಇಂಡಿಯಾದವರು ಜಾಸ್ತಿ ಇರುವ ಏರಿಯಾ. ತೊಗರಿಬೇಳೆ, ಹುಣಸೆಹಣ್ಣು, ಕರಿಬೇವು, ಅಷ್ಟೇ ಏಕೆ ರಾಗಿಹಿಟ್ಟೂ ನಡೆದು ಹೋಗುವಷ್ಟು ದೂರದಲ್ಲಿ ಸಿಗುತ್ತದೆ. ಹಾಗಾಗಿ ನಾಲ್ಕು ವರ್ಷ ಇಲ್ಲಿದ್ದೂ ಇಲ್ಲಿನ ಅಡುಗೆ ಕಲಿಯುವ ಅವಸರವೇ ಬಂದಿರಲಿಲ್ಲ. ಜೊತೆಗೆ ನಾನು ಮೀನು, ಮಾಂಸ ತಿನ್ನುವುದಿಲ್ಲ. ಇಲ್ಲಿ ತರಕಾರಿ ಸೂಪ್ ಅಂತ ಹೆಸರಿದ್ದರೂ ಒಳಗೆ ಮೀನಿನ ನೀರು ಇರುತ್ತದೆ. ಅದಕ್ಕೇ ದಾಶಿ ಅನ್ನುವುದು. ನಮ್ಮಲ್ಲಿ ಒಗ್ಗರಣೆ ಹೇಗೋ ಹಾಗೆ, ಅದಿಲ್ಲದೆ ಒಲೆ ಹೊತ್ತುವುದಿಲ್ಲ.

ಜಪಾನೀಸ್ ಭಾಷೆ ಅಭ್ಯಾಸ ಆಗಲಿ ಅಂತ ಹತ್ತಿರದ ಸಮುದಾಯ ಭವನದಲ್ಲಿ ಒಂದು ಅಡುಗೆ ಕ್ಲಾಸಿಗೆ ಹೆಸರು ಕೊಟ್ಟೆ. ಹೆಸರು "ಕ್ಯೋದೊ ರ್ಯೋರಿ", ಅಂದರೆ ಊರೂರಿನ ಅಡುಗೆ. ತಿಂಗಳಿಗೊಂದು ಶನಿವಾರ, ತಿಂಗಳಿಗೊಂದು ಸೀಮೆ. ಸುಶಿ ಇಲ್ಲ, ರಾಮೆನ್ ಇಲ್ಲ. ಈ ದೇಶದಲ್ಲಿ 47 ಪ್ರಾಂತ್ಯಗಳಿವೆ, ಒಂದೊಂದಕ್ಕೂ ತನ್ನದೇ ಅಂತ ಹೇಳಿಕೊಳ್ಳುವ ಪಾತ್ರೆ ಪದಾರ್ಥ ಇವೆ. 2007ರಲ್ಲಿ ಇಲ್ಲಿನ ಕೃಷಿ ಸಚಿವಾಲಯ ಇಂಥ ಅಡುಗೆಗಳ ಒಂದು ಪಟ್ಟಿ ಮಾಡಿತು. ನೂರು ಅಂತ ಹೆಸರಿಟ್ಟು 99 ಮಾತ್ರ ಆರಿಸಿದರು. ನೂರನೆಯದನ್ನು ಜನ ತಮ್ಮ ತಮ್ಮ ಇಷ್ಟದಂತೆ ತುಂಬಿಕೊಳ್ಳಲಿ ಅಂತ ಬಿಟ್ಟರಂತೆ. ಸರ್ಕಾರಿ ಇಲಾಖೆಗೆ ಇಷ್ಟು ರಸಿಕತನ ಇರಬಹುದು ಅಂತ ನನಗೆ ಗೊತ್ತಿರಲಿಲ್ಲ.

ಕ್ಲಾಸ್ ನಡೆಸುವ ಅಜ್ಜಿಗೆ ಎಪ್ಪತ್ತು ದಾಟಿದೆ. ಯಮನಾಶಿಯವರು, ಫುಜಿ ಬೆಟ್ಟದ ಆಚೆ, ಕೋಫು ಊರಿನ ಹೊರಗಿನ ಹಳ್ಳಿ. ಎಲ್ಲರೂ ಅವರನ್ನು ಸೆನ್ಸೇ, ಅಂದರೆ ಟೀಚರ್, ಅನ್ನುತ್ತಿದ್ದರು, ನಾನೂ ಅಂದೆ. ಮನಸ್ಸಿನಲ್ಲಿ ಮಾತ್ರ ಅಜ್ಜಿ. ಏಪ್ರನ್, ತಲೆಗೆ ಕಟ್ಟುವ ಮೂರು ಮೂಲೆಯ ಬಟ್ಟೆ, ಒಳಗೆ ಹಾಕುವ ಚಪ್ಪಲಿ, ಪಾತ್ರೆ ಒರೆಸುವ ಬಟ್ಟೆ, ಉಳಿದದ್ದು ತೆಗೆದುಕೊಂಡು ಹೋಗಲು ಡಬ್ಬಿ, ಇಷ್ಟು ತರಬೇಕು. ನಾಲ್ಕು ಜನಕ್ಕೆ ಒಂದು ಟೇಬಲ್.

ಮೊದಲ ಶನಿವಾರ ಅಜ್ಜಿಯ ಊರಿನದೇ ಅಡುಗೆ, ಹೋತೊ. ಗೋಧಿ ಹಿಟ್ಟನ್ನು ಬರೀ ನೀರಲ್ಲಿ ಕಲಸಿ, ಲಟ್ಟಿಸಿ, ಮಡಚಿ, ಹೆಬ್ಬೆರಳಿನ ಅಗಲಕ್ಕೆ ಪಟ್ಟಿ ಪಟ್ಟಿಯಾಗಿ ಕತ್ತರಿಸಬೇಕು. ಅದನ್ನು ಹಸಿಯಾಗೇ ಕುದಿಯುವ ಸಾರಿಗೆ ಬಿಡಬೇಕು. ಸಾರಿನಲ್ಲಿ ಕುಂಬಳಕಾಯಿ, ಕೆಸುವಿನ ಗೆಡ್ಡೆಯ ಜಾತಿಯ ಒಂದು ಗೆಡ್ಡೆ, ಕ್ಯಾರೆಟ್, ಎಲೆಕೋಸು, ಅಣಬೆ, ಉದ್ದ ಈರುಳ್ಳಿ. ಕೊನೆಗೆ ಮಿಸೊ, ಅಂದರೆ ಸೋಯಾ ಕಾಳು ಹುದುಗಿಸಿದ ಗೊಜ್ಜು. ಅಷ್ಟೇ.

ಉಪ್ಪು ಯಾಕೆ ಹಾಕಬಾರದು ಅಂತ ಆಮೇಲೆ ಗೊತ್ತಾಯಿತು. ಉದೋನ್ ಇದೆಯಲ್ಲ, ಜಪಾನಿನ ದಪ್ಪ ಶಾವಿಗೆ, ಅದರ ಹಿಟ್ಟಿಗೆ ಧಾರಾಳವಾಗಿ ಉಪ್ಪು ಬೀಳುತ್ತದೆ. ಉಪ್ಪಿದ್ದರೆ ಹಿಟ್ಟು ಬಿಗಿಯಾಗುತ್ತದೆ, ಎಳೆದರೆ ರಬ್ಬರಿನಂತೆ ಬರುತ್ತದೆ. ಆದರೆ ಆ ಉಪ್ಪು ಹೋಗಬೇಕಾದರೆ ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಬೇಯಿಸಿ, ಬಸಿದು, ತಣ್ಣೀರಲ್ಲಿ ತೊಳೆಯಬೇಕು. ಹೋತೊಗೆ ಆ ರಗಳೆ ಇಲ್ಲ. ಉಪ್ಪಿಲ್ಲವಾದ್ದರಿಂದ ನೇರವಾಗಿ ಸಾರಿಗೆ. ಮೈಮೇಲಿನ ಒಣ ಹಿಟ್ಟೆಲ್ಲ ಸಾರಿನಲ್ಲಿ ಬಿಟ್ಟುಕೊಂಡು ಸಾರೇ ಗಟ್ಟಿಯಾಗುತ್ತದೆ. ಒಂದೇ ಪಾತ್ರೆ, ಒಂದೇ ಬೆಂಕಿ. "ನಮ್ಮಮ್ಮನಿಗೆ ಎರಡು ಪಾತ್ರೆ ಇಡಲು ಸಮಯ ಎಲ್ಲಿತ್ತು?" ಅಂದರು ಅಜ್ಜಿ. "ಮೇಲೆ ಅಟ್ಟದ ತುಂಬ ಓಕೈಕೊ-ಸಾಮಾ ಇದ್ದರಲ್ಲ."

ಓಕೈಕೊ-ಸಾಮಾ ಅಂದರೆ ಯಾರೋ ದೊಡ್ಡ ಮನುಷ್ಯರು, ಮಾವನೋ ಜಮೀನ್ದಾರನೋ ಅಂದುಕೊಂಡೆ. ಹೆಸರಿನ ಹಿಂದೆ ಮುಂದೆ ಅಷ್ಟು ಗೌರವ. ಪಕ್ಕದ ಹುಡುಗಿ ಫೋನಿನಲ್ಲಿ ಚಿತ್ರ ತೋರಿಸಿದಳು. ರೇಷ್ಮೆಹುಳ!

ನಾನು ಕನಕಪುರದ ಕಡೆಯವಳು. ನಮ್ಮಜ್ಜಿ ಮನೆಯ ಪಡಸಾಲೆ ಪೂರ್ತಿ ಹುಳದ ತಟ್ಟೆಗಳೇ. ಹುಳ ಹಣ್ಣಾದಾಗ ಗೂಡು ಕಟ್ಟಲೆಂದು ಚಂದ್ರಿಕೆ ಅನ್ನುವ ತಟ್ಟೆಗೆ ಬಿಡುವ ದಿನ ಮನೆಯಲ್ಲಿ ಒಬ್ಬರಿಗೂ ಕೂರಲು ಪುರುಸೊತ್ತಿಲ್ಲ. ಗೂಡನ್ನು ಮೂಟೆ ಕಟ್ಟಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿ ಬರುವ ತಾತನ ಮುಖ ನೋಡಿದರೆ ರೇಟು ಎಷ್ಟು ಸಿಕ್ಕಿತು ಅಂತ ಗೊತ್ತಾಗುತ್ತಿತ್ತು. ಆಮೇಲಾಮೇಲೆ ಬೈವೋಲ್ಟೀನ್ ಅನ್ನುವ ಹೊಸ ತಳಿಯ ಗೂಡು ಬೆಳೆಯುವುದು ಶುರುವಾಯಿತಲ್ಲ, 1991ರಿಂದ ಕೇಂದ್ರ ರೇಷ್ಮೆ ಮಂಡಳಿಯ ಜೊತೆ ಅದಕ್ಕೆ ಕೆಲಸ ಮಾಡಿದವರು ಜಪಾನಿನವರೇ. ಇದನ್ನೆಲ್ಲ ನನ್ನ ಮುರುಕು ಜಪಾನೀಸಿನಲ್ಲಿ ಹೇಳಲು ಹೊರಟೆ. ಹುಳ ಪೊರೆ ಬಿಡುವ ಹೊತ್ತಿಗೆ ಸೊಪ್ಪು ತಿನ್ನುವುದು ಬಿಟ್ಟು ತಲೆ ಎತ್ತಿ ಸುಮ್ಮನೆ ನಿಲ್ಲುತ್ತದಲ್ಲ, ಅದಕ್ಕೆ ನಮ್ಮಲ್ಲಿ ಜ್ವರ ಅನ್ನುತ್ತಾರೆ ಅಂದೆ. ಮೊದಲನೇ ಜ್ವರ, ಎರಡನೇ ಜ್ವರ. ಅಜ್ಜಿಗೆ ನಗು ತಡೆಯಲಾಗಲಿಲ್ಲ. ಅವರಲ್ಲಿ ಅದಕ್ಕೆ ನಿದ್ದೆ ಅನ್ನುತ್ತಾರಂತೆ. ಮೊದಲನೇ ನಿದ್ದೆ, ಎರಡನೇ ನಿದ್ದೆ. "ಪಾಪ, ನಿಮ್ಮೂರಿನ ಹುಳಗಳಿಗೆ ಹುಷಾರಿಲ್ಲ" ಅಂದರು.

ಉಪ್ಪು ಬಿದ್ದ ಹಿಟ್ಟನ್ನು ಎಸೆಯಲಿಲ್ಲ, ಅದನ್ನು ಪಕ್ಕಕ್ಕಿಟ್ಟು ಹೊಸದಾಗಿ ಕಲಸಿದೆವು. ಎಷ್ಟು ಹೊತ್ತು ನಾದಬೇಕು ಅಂತ ಕೇಳಿದೆ. "ಮಿಮಿತಾಬು" ಅಂದರು ಅಜ್ಜಿ. ಕಿವಿಯ ಹಾಲೆ. ಕಿವಿ ಹಾಲೆಯಷ್ಟು ಮೆತ್ತಗಾಗುವವರೆಗೆ. ಇದು ಅಜ್ಜಿಯ ತಮಾಷೆಯಲ್ಲ, ಇಲ್ಲಿನ ಅಡುಗೆ ಪುಸ್ತಕಗಳಲ್ಲೂ ಹೀಗೇ ಬರೆದಿರುತ್ತದೆ. ಅಕ್ಕಿ ಅಳೆಯುವ ಕಪ್ಪು 180 ಮಿಲಿ, ಅಡುಗೆಯ ಕಪ್ಪು 200 ಮಿಲಿ, ಚಮಚಕ್ಕೆ 15 ಮಿಲಿ ಅಂತ ಕೂದಲು ಸೀಳುವ ಜನ, ಹಿಟ್ಟಿನ ಹದಕ್ಕೆ ಬಂದಾಗ ಮಾತ್ರ ಕಿವಿ ಮುಟ್ಟಿ ನೋಡಿಕೊಳ್ಳಿ ಅನ್ನುತ್ತಾರೆ. ಹದಿನಾರು ಜನ ಒಟ್ಟಿಗೆ ಒಂದು ಕೈಯಲ್ಲಿ ಹಿಟ್ಟು, ಇನ್ನೊಂದು ಕೈಯಲ್ಲಿ ಕಿವಿ ಹಿಡಿದು ನಿಂತಿದ್ದೆವು. ಸ್ಕೂಲಲ್ಲಿ ಹೋಂವರ್ಕ್ ಮಾಡದೆ ಬಂದವರ ಸಾಲಿನ ಥರ. ನನ್ನ ಕಿವಿಗೆ ಓಲೆ ಬೇರೆ. ಹಾಲೆಗೆ ಮೆತ್ತಿದ ಹಿಟ್ಟು ಮನೆಗೆ ಬಂದ ಮೇಲೆ ಬಿಟ್ಟಿತು.

ಹದ ಅನ್ನುವ ಮಾತಿಗೆ ಇವರ ಹತ್ತಿರವೂ ಒಂದು ಪದ ಇದೆ, ಕಗೆನ್. ಬರೆಯುವ ಅಕ್ಷರಗಳ ಅರ್ಥ ಕೂಡಿಸು, ಕಳೆ. ಇನ್ನಷ್ಟು ನೀರು, ಇನ್ನಷ್ಟು ಹಿಟ್ಟು, ಸ್ವಲ್ಪ ಉರಿ ತಗ್ಗಿಸು. ತಮಾಷೆ ಎಂದರೆ "ಇಇ ಕಗೆನ್", ಒಳ್ಳೆಯ ಕಗೆನ್, ಅಂದರೆ ಹದವಾಗಿದೆ ಅಂತಲೂ ಆಗುತ್ತದೆ, ಬೇಜವಾಬ್ದಾರಿ ಅಂತಲೂ ಆಗುತ್ತದೆ. ಹೇಳುವವರ ಮುಖ ನೋಡಿ ಅರ್ಥ ಮಾಡಿಕೊಳ್ಳಬೇಕು. ನನ್ನ ಹಿಟ್ಟು ನೋಡಿ ಅಜ್ಜಿ ಅಂದದ್ದು ಯಾವುದು ಅಂತ ಇವತ್ತಿಗೂ ನನಗೆ ಅನುಮಾನ ಇದೆ.

ನನಗೋಸ್ಕರ ದಾಶಿ ಬೇರೆ ಮಾಡಿದ್ದರು. ಅವರೂರಲ್ಲಿ ಹೋತೊಗೆ ನಿಬೋಶಿ, ಅಂದರೆ ಒಣಗಿಸಿದ ಸಣ್ಣ ಮೀನು ಹಾಕಿ ಕುದಿಸುತ್ತಾರೆ. ಅದರ ಬದಲು ಕೊಂಬು ಎನ್ನುವ ಸಮುದ್ರದ ಪಾಚಿ ಮತ್ತು ಒಣ ಶಿಯಿತಾಕೆ ಅಣಬೆಯನ್ನು ಹಿಂದಿನ ರಾತ್ರಿಯೇ ತಣ್ಣೀರಿನಲ್ಲಿ ನೆನೆಹಾಕಿ ಬಾಟಲಿಯಲ್ಲಿ ತಂದಿದ್ದರು. ಬೌದ್ಧ ಮಠಗಳಲ್ಲಿ ಹೀಗೇ ಮಾಡುತ್ತಾರಂತೆ. ಆ ನೀರು ಕುಡಿದು ನೋಡಿದೆ. ಉಪ್ಪಿಲ್ಲ, ಹುಳಿಯಿಲ್ಲ, ಖಾರವಿಲ್ಲ, ಆದರೂ ಬಾಯಿ ಖಾಲಿ ಅನ್ನಿಸಲಿಲ್ಲ. ಬಸ್ಸಾರಿಗೆ ಸೊಪ್ಪು ಕಾಳು ಬಸಿದ ಕಟ್ಟನ್ನು ಬರಿದೇ ಕುಡಿದವರಿಗೆ ಈ ರುಚಿ ಅರ್ಥವಾಗುತ್ತದೆ.

ಊಟಕ್ಕೆ ಕೂತಾಗ ಎಲ್ಲರೂ ಹೊಗಳಿದರು. ಬಾಯಿತುಂಬ "ಓಯಿಶಿ" ಅಂದರು. "ಉಮಾಯ್ ಮೊಂದಾ ಯೊ, ಕಬೋಚಾ ನೊ ಹೋತೊ" ಅಂತ ಆ ಸೀಮೆಯಲ್ಲಿ ಒಂದು ಮಾತೇ ಇದೆ, ಕುಂಬಳಕಾಯಿ ಹೋತೊ ಅಂದರೆ ಅದರ ರುಚಿಯೇ ರುಚಿ ಅಂತ. 1500ರ ದಶಕಗಳಲ್ಲಿ ಆ ಸೀಮೆ ಆಳಿದ ತಾಕೆದಾ ಶಿಂಗೆನ್ ಯುದ್ಧಕ್ಕೆ ಹೋದಾಗ ಸೈನಿಕರಿಗೆ ಇದನ್ನೇ ಮಾಡಿಸುತ್ತಿದ್ದ, ತನ್ನ ಕತ್ತಿಯಲ್ಲೇ ಹಿಟ್ಟು ಕತ್ತರಿಸಿದ ಅಂತ ಕತೆ. ಹೋತೊ ಎಂದರೆ ಒಳ್ಳೆಯ ಕತ್ತಿ ಅಂತಲೂ ಅರ್ಥ ಇದೆಯಲ್ಲ, ಅದಕ್ಕೆ ಹೊಂದಿಸಿದ್ದು. ಒಬ್ಬಾಕೆ ಈ ಕತೆ ಹೇಳಿದಾಗ ಅಜ್ಜಿ ನಕ್ಕು, ಅದು ಟೂರಿಸ್ಟರಿಗೆ ಅಂದರು.

ಆಮೇಲೆ ಬೌಲ್ ಕೆಳಗಿಟ್ಟು ಇನ್ನೊಂದು ಮಾತು ಹೇಳಿದರು. "ನಾನು ಟೋಕಿಯೋಗೆ ಬಂದ ಮೇಲೆ ಇಪ್ಪತ್ತು ವರ್ಷ ಇದನ್ನು ಮುಟ್ಟಲಿಲ್ಲ."

ಅವರೂರು ಬೆಟ್ಟದ ಮಗ್ಗುಲು. ಭತ್ತದ ಗದ್ದೆ ಕಡಿಮೆ, ಹಿಪ್ಪುನೇರಳೆ ತೋಟ ಜಾಸ್ತಿ. ಅನ್ನ ಹಬ್ಬಕ್ಕೆ, ನೆಂಟರು ಬಂದರೆ. ದಿನಾ ರಾತ್ರಿ ಹೋತೊ. ಹೋತೊ ಹಿಟ್ಟು ನಾದಲು ಬಾರದ ಹುಡುಗಿಗೆ ಮದುವೆಯಾಗಲ್ಲ ಅಂತ ಬೈದು ಬೈದು ಕಲಿಸಿದ್ದರು. ಕೆಲಸಕ್ಕೆ ಅಂತ ಟೋಕಿಯೋಗೆ ಬಂದು ಹಾಸ್ಟೆಲ್ಲಿನಲ್ಲಿ ಮೂರು ಹೊತ್ತೂ ಬಿಳಿ ಅನ್ನ ನೋಡಿದಾಗ ಗೆದ್ದೆ ಅನ್ನಿಸಿತಂತೆ. ಯಾವ ಊರು ಅಂತ ಯಾರಾದರೂ ಕೇಳಿ, ಓ ಹೋತೊ ಊರಾ ಅಂದರೆ ಮುಖ ಕೆಂಪಾಗುತ್ತಿತ್ತಂತೆ.

ನಾನು ಏನೂ ಹೇಳಲಿಲ್ಲ. ಹೇಳುವಷ್ಟು ಭಾಷೆ ಬಾಯಿಗೆ ಬರಲಿಲ್ಲ ಅನ್ನುವುದು ಅರ್ಧ ನಿಜ. ಬೆಂಗಳೂರಿನ ಹಾಸ್ಟೆಲ್ಲಿಗೆ ಮೊದಲ ವರ್ಷ ಅಮ್ಮ ಬಂದಾಗ ಸ್ಟೀಲ್ ಡಬ್ಬಿಯಲ್ಲಿ ಮುದ್ದೆ, ಅವರೆಕಾಳು ಸಾರು ತಂದಿದ್ದರು. ರೂಮಿನವರು ಕೇಳಿದಾಗ ನಾನು ಡಬ್ಬಿ ತೆಗೆಯಲೇ ಇಲ್ಲ, ಏನೋ ಸ್ವೀಟು ಅಂದೆ. ಸಂಜೆ ಟೆರೇಸಿನ ನೀರಿನ ಟ್ಯಾಂಕಿನ ಹಿಂದೆ ಕೂತು ತಿಂದೆ. ಆಮೇಲೆ ತರಬೇಡ ಅಂದೆ. ಅಮ್ಮ ಯಾಕೆ ಅಂತ ಕೇಳಲಿಲ್ಲ. ನಮ್ಮಜ್ಜಿಯ ಕಾಲದಲ್ಲೂ ಅನ್ನ ಅಂದರೆ ಯುಗಾದಿ, ಗೌರಿ ಹಬ್ಬ, ಪಿತೃಪಕ್ಷ. ಉಳಿದಂತೆ ಹಿಟ್ಟು. ಊಟಕ್ಕೆ ಹಿಟ್ಟು ಅಂತಲೇ ಹೆಸರು, "ಹಿಟ್ಟು ಉಂಡ್ಯಾ?" ಅಂತಲೇ ಕೇಳುವುದು. ಈಗ ಅದೇ ರಾಗಿ ಮಾಲ್‌ಗಳಲ್ಲಿ ಚಂದದ ಪ್ಯಾಕೆಟ್ಟಿನಲ್ಲಿ ಕೂತಿದೆ, 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯದ ವರ್ಷ ಅಂತಲೂ ಮಾಡಿತು. ಹೋತೊ ಅಂಗಡಿಗಳ ಮುಂದೆಯೂ ಈಗ ಕ್ಯೂ. ಬಿಡಿ.

ಮುಂದಿನ ತಿಂಗಳು ಅಕಿತಾ, ಕಿರಿತಾಂಪೊ. ಉತ್ತರದ ಹಿಮದ ಸೀಮೆ, ಆದರೆ ಅಕ್ಕಿಗೆ ಹೆಸರುವಾಸಿ. ಬಿಸಿ ಅನ್ನವನ್ನು ಒರಳಿಗೆ ಹಾಕಿ ಅರ್ಧ ಮಾತ್ರ ಕುಟ್ಟಬೇಕು, ಅಗುಳು ಅಲ್ಲಲ್ಲಿ ಉಳಿಯಬೇಕು. ಈ ಹದಕ್ಕೆ "ಹಾಂಗೊರೊಶಿ" ಅನ್ನುತ್ತಾರೆ. ಅಂದರೆ ಅರ್ಧ ಕೊಲ್ಲುವುದು! ಪೂರ್ತಿ ನುಣ್ಣಗೆ ಕುಟ್ಟಿದರೆ ಅದು "ಮಿನಾಗೊರೊಶಿ", ಎಲ್ಲರನ್ನೂ ಕೊಂದಂತೆ. ಬಾಗಿ ಬಾಗಿ ನಮಸ್ಕಾರ ಮಾಡುವ ಹೆಂಗಸರು ಒನಕೆ ಹಿಡಿದು "ಅರ್ಧ ಕೊಂದಿದ್ದು ಸಾಕಾ?" ಅಂತ ಕೇಳುವುದನ್ನು ಕೇಳಬೇಕು ನೀವು. ಕುಟ್ಟಿದ ಅನ್ನವನ್ನು ದೇವದಾರಿನ ಜಾತಿಯ ಮರದ ಕಡ್ಡಿಗೆ ಸುತ್ತಿ ಕೆಂಡದ ಮೇಲೆ ಸುಡುವುದು, ಆಮೇಲೆ ಕತ್ತರಿಸಿ ಕೋಳಿ ಸಾರಿಗೆ ಹಾಕುವುದು. ನಾನು ಅಣಬೆ ಸಾರಿಗೆ ಹಾಕಿಕೊಂಡೆ. ಸೇರಿ ಅನ್ನುವ ಸೊಪ್ಪನ್ನು ಬೇರಿನ ಸಮೇತ ಹಾಕುತ್ತಾರೆ, ಆ ಬೇರಿನದೇ ರುಚಿ. ಸುಟ್ಟ ಅನ್ನದ ಘಮ ಚೆನ್ನಾಗಿತ್ತು. ನಿಜ ಹೇಳಬೇಕೆಂದರೆ ಸಾರಿಗೆ ಬಿದ್ದ ಮೇಲೆ ಅಷ್ಟಕ್ಕಷ್ಟೇ. ಅಜ್ಜಿ ನನ್ನ ಕಿವಿಯಲ್ಲಿ "ಅನ್ನವನ್ನೇ ಕುಟ್ಟಿ ಆಟ ಆಡುವಷ್ಟು ಸಾಹುಕಾರರು" ಅಂದರು. ಅಸೂಯೆ ಇನ್ನೂ ಹೋಗಿಲ್ಲ.

ನಾಗಾನೊದ ಓಯಾಕಿ ದಿನ ಮಾತ್ರ ನಾನೇ ಹೀರೋ. ಗೋಧಿ ಹಿಟ್ಟಿನ ಉಂಡೆಯೊಳಗೆ ಮಿಸೊ ಹಚ್ಚಿದ ಬದನೆಕಾಯಿ, ಕುಂಬಳಕಾಯಿ, ಇಲ್ಲಾ ನೊಜಾವಾನಾ ಅನ್ನುವ ಸೊಪ್ಪಿನ ಉಪ್ಪಿನಕಾಯಿ ತುಂಬಿ, ಬಾಯಿ ಮುಚ್ಚಿ, ಕಾವಲಿಯಲ್ಲಿ ಸ್ವಲ್ಪ ಸುಟ್ಟು, ಆಮೇಲೆ ಹಬೆಯಲ್ಲಿ ಬೇಯಿಸುವುದು. ಒಗಾವಾ ಹಳ್ಳಿಯ ಕಡೆ ಹಿಂದೆ ಒಲೆಯ ಬಿಸಿ ಬೂದಿಯಲ್ಲೇ ಹೂತು ಬೇಯಿಸುತ್ತಿದ್ದರಂತೆ. ಅಲ್ಲೂ ಅದೇ ಕತೆ, ಬೆಟ್ಟ, ಚಳಿ, ಭತ್ತ ಬೆಳೆಯದ ಇಳಿಜಾರು. ಎಲ್ಲರ ಉಂಡೆಯೂ ಬಾಯಿ ಬಿಟ್ಟುಕೊಳ್ಳುತ್ತಿತ್ತು. ನನ್ನದು ಬಿಡಲಿಲ್ಲ. ಕಣಕದೊಳಗೆ ಹೂರಣ ತುಂಬಿ ಬಾಯಿ ಕಟ್ಟುವುದನ್ನು ಹೋಳಿಗೆಯ ಮನೆಯವಳಿಗೆ ಯಾರು ಹೇಳಿಕೊಡಬೇಕು? ಹೆಬ್ಬೆರಳು ಒಳಗೆ ಒತ್ತುತ್ತಾ ಇನ್ನೊಂದು ಕೈ ತಿರುಗಿಸುತ್ತಾ ಬರಬೇಕು, ಅಷ್ಟೇ. ಮೂರು ಜನ ಸುತ್ತ ನಿಂತು ವಿಡಿಯೋ ಮಾಡಿಕೊಂಡರು. ಉಪ್ಪಿನ ಮಾನ ವಾಪಸು ಬಂತು.

ಜನವರಿಯಲ್ಲಿ ಕಗಾವಾದ ಸಾನುಕಿ ಉದೋನ್. ಇಲ್ಲಿ ಇನ್ನೊಂದು ಪರೀಕ್ಷೆ ಕಾದಿತ್ತು.

ಕಗಾವಾ ಜಪಾನಿನ ಅತಿ ಚಿಕ್ಕ ಪ್ರಾಂತ್ಯ. ಮಳೆ ಕಡಿಮೆ ಅನ್ನುತ್ತಾರೆ. ವರ್ಷಕ್ಕೆ 1,100 ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ. ನಮ್ಮ ಕಡೆ ಅಷ್ಟು ಬಿದ್ದರೆ ಕೆರೆ ಕೋಡಿ ಬಿತ್ತು ಅಂತ ಬಾಗಿನ ಕೊಡಲು ಹೊರಡುತ್ತೇವೆ. ಆದರೆ ಭತ್ತದ ದೇಶಕ್ಕೆ ಅದು ಸಾಲದು. ದೊಡ್ಡ ನದಿಗಳೂ ಇಲ್ಲ. ಹಾಗಾಗಿ ಸಾವಿರಾರು ಕೆರೆ ಕಟ್ಟಿಕೊಂಡಿದ್ದಾರೆ. ಮನ್ನೊ ಎನ್ನುವ ದೊಡ್ಡ ಕೆರೆಯ ಏರಿಯನ್ನು 821ರಲ್ಲಿ ಕೂಕಾಯ್ ಎನ್ನುವ ಬೌದ್ಧ ಗುರು ನಿಂತು ದುರಸ್ತಿ ಮಾಡಿಸಿದ. ಉದೋನ್ ವಿದ್ಯೆಯನ್ನು ಚೀನಾದಿಂದ ತಂದವನೂ ಅವನೇ ಅಂತ ಊರವರ ನಂಬಿಕೆ. ಭತ್ತ ಕೊಯ್ದ ಗದ್ದೆಯಲ್ಲಿ ಗೋಧಿ, ಪಕ್ಕದ ಸಮುದ್ರದಲ್ಲಿ ಉಪ್ಪು, ಇಬುಕಿ ದ್ವೀಪದ ಒಣ ಮೀನು, ಶೋದೊ ದ್ವೀಪದ ಸೋಯಾ ಸಾಸ್. ಬೇಕಾದ್ದೆಲ್ಲ ಕೈಗೆಟುಕುವ ದೂರದಲ್ಲಿ. ಈಗ ಮಾತ್ರ ಉದೋನ್ ಹಿಟ್ಟು ಹೆಚ್ಚಿನಂಶ ಆಸ್ಟ್ರೇಲಿಯಾದಿಂದ ಬರುತ್ತದೆ! ಅದಕ್ಕೆ ಬೇಸರಪಟ್ಟುಕೊಂಡು "ಸಾನುಕಿಯ ಕನಸು" ಅಂತ ತಮ್ಮದೇ ಗೋಧಿ ತಳಿ ಮಾಡಿಕೊಂಡಿದ್ದಾರೆ.

ಕಲಿಸಲು ಬಂದವರು ಆ ಊರಿನ ಗಟ್ಟಿ ಆಳು. ನೀರಿಗೆ ಉಪ್ಪಿನ ಲೆಕ್ಕ ಅವರ ಬಾಯಲ್ಲಿ ಮಗ್ಗಿಯಂತೆ ಬಂತು. ಸೆಕೆಗಾಲದಲ್ಲಿ ಒಂದು ಪಾಲು ಉಪ್ಪಿಗೆ ಮೂರು ಪಾಲು ನೀರು, ಚಳಿಯಲ್ಲಿ ಆರು, ಉಳಿದಂತೆ ಐದು. ಸೆಕೆಗೆ ಹಿಟ್ಟು ಬೇಗ ಸಡಿಲವಾಗುತ್ತದೆ, ಅದಕ್ಕೆ ಉಪ್ಪು ಜಾಸ್ತಿ. ನಾನು ಈ ಸಲ ನಾಲ್ಕು ಸಲ ಕೇಳಿ ಹಾಕಿದೆ. ಹಿಟ್ಟು ಕಲ್ಲಿನ ಹಾಗಾಯಿತು, ಕೈಯಲ್ಲಿ ನಾದಲು ಆಗದಷ್ಟು ಬಿಗಿ. ಆಗ ಅವರು ಹಿಟ್ಟನ್ನು ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಚಾಪೆಯ ಮೇಲಿಟ್ಟು, ಚಪ್ಪಲಿ ಬಿಡಿ, ತುಳಿಯಿರಿ ಅಂದರು.

ತುಳಿಯುವುದಾ?

ಅಕ್ಕಿ ಕಾಳು ಕಾಲಿಗೆ ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಮನೆಯಲ್ಲಿ ಬೆಳೆದವಳು ನಾನು. ಮೊರ ದಾಟಿದ್ದಕ್ಕೆ ನಮ್ಮಜ್ಜಿ ಬೆನ್ನಿಗೆ ಬಿಟ್ಟಿದ್ದು ಇನ್ನೂ ನೆನಪಿದೆ. ಕಾಲ್ಚೀಲ ಇದೆ, ಪ್ಲಾಸ್ಟಿಕ್ ಇದೆ, ಬುದ್ಧಿಗೆ ಎಲ್ಲ ಗೊತ್ತು. ಕಾಲು ಮಾತ್ರ ಏಳುವುದಿಲ್ಲ. ಉಳಿದವರು ಆಗಲೇ ಸೊಂಟಕ್ಕೆ ಕೈಯಿಟ್ಟು ಪಿಟಿ ಮಾಡುವವರ ಹಾಗೆ ತುಳಿಯುತ್ತಿದ್ದರು. ನಾನು ಬಗ್ಗಿ, ಚೀಲ ಮುಟ್ಟಿ, ಕಣ್ಣಿಗೊತ್ತಿಕೊಂಡು, ಆಮೇಲೆ ಹತ್ತಿದೆ. ಭರತನಾಟ್ಯದವರು ಭೂಮಿ ಮುಟ್ಟಿ ನಮಸ್ಕಾರ ಮಾಡುತ್ತಾರಲ್ಲ, ಹಾಗೆ. ಕಗಾವಾದ ಯಜಮಾನರು ನೋಡಿದರು. ಏನೂ ಕೇಳಲಿಲ್ಲ, ಬಹುಶಃ ಬೆನ್ನುನೋವು ಅಂದುಕೊಂಡರು. ಹಿಮ್ಮಡಿಯ ಕೆಳಗೆ ಹಿಟ್ಟು ಮೊದಲು ಜಪ್ಪಯ್ಯ ಅನ್ನಲಿಲ್ಲ. ತುಳಿದು, ಮಡಚಿ, ಮತ್ತೆ ತುಳಿದು, ಮೂರನೇ ಮಡಿಕೆಯ ಹೊತ್ತಿಗೆ ಅದು ಕಾಲನ್ನು ಮೆಲ್ಲಗೆ ಮೇಲಕ್ಕೆ ನೂಕತೊಡಗಿತು. ಹದ ಕಾಲಿಗೂ ತಿಳಿಯುತ್ತದೆ ಅಂತ ಆಗ ಗೊತ್ತಾಯಿತು. ಆ ಉದೋನ್ ನಾನು ತಿಂದ ಉದೋನ್‌ಗಳಲ್ಲೆಲ್ಲ ಚೆನ್ನಾಗಿತ್ತು. ಅಮ್ಮನಿಗೆ ಫೋನಿನಲ್ಲಿ ಎಲ್ಲ ಹೇಳಿದೆ, ಇದೊಂದನ್ನು ಬಿಟ್ಟು.

ಕೊನೆಯ ಶನಿವಾರ ಕೆಲಸ ಕಡಿಮೆ, ಹರಟೆ ಜಾಸ್ತಿ. ಸಿಂಕ್ ಒಣಗುವ ಹಾಗೆ ಒರೆಸಿ ಟೀ ಕುಡಿಯುತ್ತಿದ್ದಾಗ ಅಜ್ಜಿಗೆ ಕನಕದಾಸರ ರಾಮಧಾನ್ಯ ಚರಿತ್ರೆಯ ಕತೆ ಹೇಳಿದೆ. ರಾಗಿಗೂ ಭತ್ತಕ್ಕೂ ಯಾರು ದೊಡ್ಡವರು ಅಂತ ಜಗಳ ಬಿತ್ತು. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿ ಇಡಿಸಿದ. ತೆಗೆದಾಗ ಭತ್ತ ಸೊರಗಿತ್ತು, ರಾಗಿ ಹಾಗೇ ಇತ್ತು. ರಾಗಿ ಗೆದ್ದಿತು. ಅರ್ಧ ಜಪಾನೀಸ್, ಅರ್ಧ ಕೈಸನ್ನೆ. ಜೈಲು ಅನ್ನುವ ಪದ ಗೊತ್ತಿರಲಿಲ್ಲ, ಎರಡು ಚಾಪ್‌ಸ್ಟಿಕ್ ಕಂಬಿಯ ಹಾಗೆ ಹಿಡಿದು ತೋರಿಸಿದೆ.

ಅಜ್ಜಿ ಬಹಳ ಹೊತ್ತು ನಕ್ಕರು. ಆಮೇಲೆ ಕೇಳಿದರು, "ಆ ಕೋರ್ಟಿನಲ್ಲಿ ಗೋಧಿ ಇರಲಿಲ್ವಾ?"

"ಇತ್ತು" ಅಂದೆ. "ಸುಮ್ನೆ ಕೂತಿತ್ತು."

"ಸುಮ್ಮನೆ ಯಾಕೆ ಕೂತಿತು," ಅಂದರು, ಕಪ್ಪು ತೊಳೆಯಲು ಏಳುತ್ತಾ.

ಅವತ್ತು ನನ್ನ ಡಬ್ಬಿಗೆ ಹೋತೊ ತುಂಬಿಸಿ ಕೊಟ್ಟರು. ಈಗ ತಿನ್ನಬೇಡ, ನಾಳೆ ಬೆಳಿಗ್ಗೆ ತಿನ್ನು ಅಂದರು. ರಾತ್ರಿ ಕಳೆದರೆ ಕುಂಬಳಕಾಯಿ ಕರಗಿ, ಪಟ್ಟಿಗಳು ಸಾರೆಲ್ಲ ಕುಡಿದು ಗಟ್ಟಿಯಾಗುತ್ತದಂತೆ, ಅವರ ಮನೆಯಲ್ಲಿ ಅದಕ್ಕೇ ಮಕ್ಕಳು ಜಗಳ ಆಡುತ್ತಿದ್ದರಂತೆ. ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತುಕೊಂಡೇ, ಬಿಸಿ ಕೂಡ ಮಾಡದೆ, ಚಮಚದಲ್ಲಿ ತಿಂದೆ. ತಂಗಳು ಮುದ್ದೆಯನ್ನು ಮಜ್ಜಿಗೆಗೆ ಕಿವುಚಿ, ಹಸಿಮೆಣಸಿನಕಾಯಿ ಕಚ್ಚಿಕೊಂಡು ಹೊಲಕ್ಕೆ ಹೊರಡುತ್ತಿದ್ದ ತಾತ ಹೀಗೇ ನಿಂತು ಉಣ್ಣುತ್ತಿದ್ದರು. ನನ್ನ ಗಂಡ ಹಲ್ಲುಜ್ಜಿಕೊಂಡು ಬಂದು ಡಬ್ಬಿಯೊಳಗೆ ಇಣುಕಿ, ಇದೇನೇ, ಗೋಡೆಗೆ ಪೋಸ್ಟರ್ ಅಂಟಿಸ್ತೀಯಾ ಅಂದ. ಒಂದು ಚಮಚ ತಿಂದ. ಮಿಸೊ ಜೊತೆ ಸ್ವಲ್ಪ ಉಪ್ಪಿನಕಾಯಿ ಇದ್ದರೆ ಅಂತ ಶುರು ಮಾಡಿದವನ ಕೈಯಿಂದ ಡಬ್ಬಿ ಕಿತ್ತುಕೊಂಡೆ.